ಯುಪಿಐ ನೋಟಿಸಿನ ನಂತರ: ಮನೆಯಿಂದ ವ್ಯಾಪಾರ ಮಾಡುವವರ ಲೆಕ್ಕಪತ್ರ ಹೇಗಿರಬೇಕು?

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಕಳುಹಿಸಿದ ನೋಟಿಸುಗಳು ಊರೂರಲ್ಲಿ ಮಾತಿನ ವಿಷಯವಾದವು. 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ವಿವರ ಪಡೆದ ಇಲಾಖೆ, ಜಿಎಸ್‌ಟಿ ಮಿತಿ ದಾಟಿದ್ದರೂ ನೋಂದಣಿ ಮಾಡಿಸದವರನ್ನು ಗುರುತಿಸಿ ತೆರಿಗೆ ಕೇಳಿತ್ತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರಿಗೆಲ್ಲ ನೋಟಿಸು ಬಂತು. ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂ. ಕಟ್ಟಲು ಹೇಳಲಾಗಿತ್ತು. ಬೆಂಗಳೂರಿನ ಹಲವು ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಬಂದವು. ವ್ಯಾಪಾರಿ ಸಂಘಟನೆಗಳು ಜುಲೈ 25ರಂದು ಬಂದ್‌ಗೆ ಕರೆ ನೀಡಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಪ್ರತಿನಿಧಿಗಳ ಜೊತೆ ಸಭೆ ನಡೆಸಿದರು. ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲ, ಹಾಲು–ತರಕಾರಿ–ಹಣ್ಣಿನಂತಹ ವಿನಾಯಿತಿ ಸರಕಿಗೆ ತೆರಿಗೆ ಕೇಳುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದು ತಿಳಿಸಿದರು. ಅಲ್ಲಿಗೆ ಬಂದ್ ತಣ್ಣಗಾಯಿತು.

ಆ ದಿನಗಳ ಚರ್ಚೆಯಲ್ಲಿ ಅಂಗಡಿಯವರ ಮಾತು ಹೆಚ್ಚು ಕೇಳಿಬಂತು, ಮನೆಯಿಂದಲೇ ವ್ಯಾಪಾರ ಮಾಡುವವರ ಮಾತು ಕಡಿಮೆ. ನಮ್ಮ ಸಮಾಜದಲ್ಲಿ ಇಂತಹ ಕುಟುಂಬಗಳು ಬಹಳ ಇವೆ. ಖಾಖ್ರಾ, ಹಪ್ಪಳ, ಈರುಳ್ಳಿ–ಬೆಳ್ಳುಳ್ಳಿ ಹಾಕದ ತಿಂಡಿ ಮಾಡಿಕೊಡುವವರು, ವಾಟ್ಸಾಪಿನಲ್ಲಿ ಸೀರೆ ಮಾರುವವರು, ಬ್ಲೌಸ್ ಹೊಲಿಯುವವರು, ಮನೆಪಾಠ ಹೇಳುವವರು, ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬೇರೆಯವರ ಲೆಕ್ಕ ಬರೆಯುವವರು. ಇವರಲ್ಲಿ ಹೆಚ್ಚಿನವರ ಬಾಗಿಲಿಗೆ ಫಲಕವಿಲ್ಲ, ಆದರೆ ಎಲ್ಲರ ಬಳಿಯೂ ಒಂದು ಕ್ಯೂಆರ್ ಕೋಡ್ ಇದೆ. ಇಲಾಖೆ ನೋಡಿದ್ದು ಫಲಕವನ್ನಲ್ಲ, ಖಾತೆಗೆ ಬಂದ ಹಣವನ್ನು. ಆದ್ದರಿಂದ ಈ ಪ್ರಕರಣದಿಂದ ಕಲಿಯಬೇಕಾದ ಪಾಠ ಮನೆ ವ್ಯಾಪಾರಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಖಾತೆಯಲ್ಲಿ ಎಲ್ಲವೂ ಬೆರೆತಾಗ

ಮನೆ ವ್ಯಾಪಾರದ ಮೊದಲ ತೊಂದರೆ ತೆರಿಗೆಯ ದರದಲ್ಲಿ ಇಲ್ಲ, ಬೆರಕೆಯಲ್ಲಿ ಇದೆ. ಒಂದೇ ಉಳಿತಾಯ ಖಾತೆಗೆ ತಿಂಡಿ ಮಾರಿದ ಹಣ ಬರುತ್ತದೆ. ಅಕ್ಕ ಹಿಂತಿರುಗಿಸಿದ ಕೈಸಾಲವೂ ಅಲ್ಲಿಗೇ ಬರುತ್ತದೆ. ಪ್ರವಾಸಕ್ಕೆಂದು ಹತ್ತು ಮನೆಯವರಿಂದ ಸಂಗ್ರಹಿಸಿದ ಹಣ, ಮಗ ಊರಿಗೆ ಕಳುಹಿಸಿದ ಹಣ, ಚೀಟಿ ಎತ್ತಿದ ಹಣ ಎಲ್ಲವೂ ಅದೇ ಸಾಲಿನಲ್ಲಿ ಕಾಣುತ್ತವೆ. ಬ್ಯಾಂಕಿನ ಪಟ್ಟಿಗೆ ಇವೆಲ್ಲವೂ ಜಮೆಯೇ. ಇದರಲ್ಲಿ ಮಾರಾಟ ಯಾವುದು, ಮಾರಾಟವಲ್ಲದ್ದು ಯಾವುದು ಎಂದು ವಿವರಿಸುವ ಹೊಣೆ ಖಾತೆದಾರರ ಮೇಲೆ ಬೀಳುತ್ತದೆ. ಅದೂ ಮೂರು–ನಾಲ್ಕು ವರ್ಷ ಕಳೆದ ಮೇಲೆ.

ಕೆಲವು ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ. ವ್ಯಾಪಾರ ತಾಯಿಯದು, ಕ್ಯೂಆರ್ ಕೋಡ್ ಮಗನ ಖಾತೆಯದು. ಪ್ರಶ್ನೆ ಬಂದಾಗ ಅದು ಮಗನ ಪ್ಯಾನ್ ಸಂಖ್ಯೆಗೆ ಬರುತ್ತದೆ. ಸಂಬಳದ ಕೆಲಸದಲ್ಲಿರುವ ಮಗ, ತಾನು ಮಾಡದ ವ್ಯಾಪಾರಕ್ಕೆ ಉತ್ತರ ಹೇಳಬೇಕಾಗುತ್ತದೆ. ವ್ಯಾಪಾರ ಯಾರದೋ ಕ್ಯೂಆರ್ ಕೋಡ್ ಅವರದೇ ಖಾತೆಯದಾಗಿರಬೇಕು.

ವಿನಾಯಿತಿ ಸರಕು ಮಾರುವವರಿಗೂ ಇದೇ ಮಾತು. ‘ನಾನು ಮಾರಿದ್ದು ತೆರಿಗೆ ಇಲ್ಲದ ಸರಕು’ ಎಂದು ಬಾಯಲ್ಲಿ ಹೇಳುವುದಕ್ಕೂ ಕೊಂಡ ಬಿಲ್ಲು, ಮಾರಿದ ಚೀಟಿ ಮುಂದಿಟ್ಟು ತೋರಿಸುವುದಕ್ಕೂ ವ್ಯತ್ಯಾಸವಿದೆ. ದಿನದ ಲೆಕ್ಕ ಬರೆದಿಟ್ಟವರು ಇಂತಹ ನೋಟಿಸಿಗೆ ಒಂದೆರಡು ದಿನದಲ್ಲಿ ಉತ್ತರ ಕೊಡಬಲ್ಲರು. ಬರೆಯದವರು ನಾಲ್ಕು ವರ್ಷದ ಪಾಸ್‌ಬುಕ್ ಹಿಡಿದು ನೆನಪಿನಿಂದ ಗುರುತು ಹಾಕುತ್ತಾ ಕೂರಬೇಕು.

ವಹಿವಾಟು ಬೇರೆ, ಲಾಭ ಬೇರೆ

ನಮ್ಮವರು ಹೆಚ್ಚಾಗಿ ಕೇಳುವ ಪ್ರಶ್ನೆ: ‘ವರ್ಷಕ್ಕೆ ಮೂರು ಲಕ್ಷ ಉಳಿದರೆ ಹೆಚ್ಚು, ನಮಗೆಂತಹ ತೆರಿಗೆ?’ ಇಲ್ಲಿ ಎರಡು ಕಾಯ್ದೆಗಳು ಬೆರೆತು ಗೊಂದಲವಾಗುತ್ತದೆ. ಆದಾಯ ತೆರಿಗೆ ನೋಡುವುದು ಲಾಭವನ್ನು. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ನಂತರ ತೆರಿಗೆ ಬೀಳುವುದಿಲ್ಲ. ಜಿಎಸ್‌ಟಿ ನೋಂದಣಿ ನೋಡುವುದು ವಹಿವಾಟನ್ನು, ಅಂದರೆ ಒಟ್ಟು ಮಾರಾಟವನ್ನು. ಲಾಭ ಎಷ್ಟೇ ಇರಲಿ, ನಷ್ಟವೇ ಆಗಲಿ, ಮಾರಾಟ ಮಿತಿ ದಾಟಿದರೆ ನೋಂದಣಿ ಬೇಕು.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಆರ್ಥಿಕ ವರ್ಷಕ್ಕೆ 40 ಲಕ್ಷ ರೂ., ಸೇವೆ ನೀಡುವವರಿಗೆ 20 ಲಕ್ಷ ರೂ. ಮಿತಿ. ಎರಡೂ ಮಾಡುವವರಿಗೆ 20 ಲಕ್ಷದ ಮಿತಿಯೇ ಲೆಕ್ಕಕ್ಕೆ ಬರುತ್ತದೆ. ಸೀರೆ ಮಾರುವುದರ ಜೊತೆಗೆ ಗಿರಾಕಿ ತಂದ ಬಟ್ಟೆಗೆ ಬ್ಲೌಸ್ ಹೊಲಿದುಕೊಟ್ಟು ಕೂಲಿ ಪಡೆಯುವ ಗೃಹಿಣಿ ‘ನನಗೆ 40 ಲಕ್ಷದವರೆಗೆ ಚಿಂತೆಯಿಲ್ಲ’ ಎಂದುಕೊಳ್ಳುವಂತಿಲ್ಲ. ಈ ಮೊತ್ತವನ್ನು ಒಂದು ಪ್ಯಾನ್ ಸಂಖ್ಯೆಯಡಿ ದೇಶದಾದ್ಯಂತ ನಡೆದ ಎಲ್ಲ ವ್ಯಾಪಾರ ಸೇರಿಸಿ ಲೆಕ್ಕ ಹಾಕುತ್ತಾರೆ. ಹೊಣೆ ಬಂದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ತೆರಿಗೆ, ಬಡ್ಡಿಯ ಜೊತೆಗೆ ಕನಿಷ್ಠ 10,000 ರೂ. ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅಷ್ಟು ದಂಡಕ್ಕೆ ಅವಕಾಶವಿದೆ.

ಹಪ್ಪಳ ಮತ್ತು ಚಕ್ಕುಲಿ: ಒಂದು ಉದಾಹರಣೆ

ಮನೆಯಲ್ಲಿ ಹಪ್ಪಳ ಮತ್ತು ಚಕ್ಕುಲಿ ಮಾಡಿ ಮಾರುವ ಕುಟುಂಬವೊಂದನ್ನು ಊಹಿಸಿಕೊಳ್ಳಿ. ವರ್ಷದಲ್ಲಿ 26 ಲಕ್ಷ ರೂ. ಹಪ್ಪಳ, 16 ಲಕ್ಷ ರೂ. ಚಕ್ಕುಲಿ ಮಾರಾಟ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಚಕ್ಕುಲಿ, ಮಿಕ್ಸ್ಚರಿನಂತಹ ಕುರುಕು ತಿಂಡಿಗೆ ಶೇ. 5. ತೆರಿಗೆ ಬೀಳುವ ಮಾರಾಟ 16 ಲಕ್ಷ ಮಾತ್ರ ಎಂದು ಈ ಕುಟುಂಬ ನಿಶ್ಚಿಂತೆಯಾಗಿ ಇರಬಹುದು. ಅದು ಸರಿಯಲ್ಲ. ಮಿತಿಯ ಲೆಕ್ಕಕ್ಕೆ ವಿನಾಯಿತಿ ಸರಕೂ ಸೇರುತ್ತದೆ. ಒಟ್ಟು 42 ಲಕ್ಷವಾದ್ದರಿಂದ ನೋಂದಣಿ ಬೇಕು. ಹಪ್ಪಳ ಒಂದನ್ನೇ ಮಾರುತ್ತಿದ್ದರೆ 42 ಲಕ್ಷವಾದರೂ ಬೇಕಿರಲಿಲ್ಲ, ಏಕೆಂದರೆ ವಿನಾಯಿತಿ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಹೊಣೆ ಇಲ್ಲ.

ಮುಂದಿನ ಪ್ರಶ್ನೆ: ಯಾವ ಬಗೆಯ ನೋಂದಣಿ? ವರ್ಷಕ್ಕೆ 1.5 ಕೋಟಿ ರೂ.ವರೆಗೆ ವಹಿವಾಟು ಇರುವವರಿಗೆ ಕಂಪೋಸಿಷನ್ ಎಂಬ ಸರಳ ಪದ್ಧತಿ ಇದೆ. ಅದರಲ್ಲಿ ಸರಕಿನ ವ್ಯಾಪಾರಿ ಮತ್ತು ತಯಾರಕರಿಗೆ ಶೇ. 1. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ‘ಶೇ. 1 ಅಲ್ಲವೇ’ ಎಂದು ಎಲ್ಲರೂ ಇದನ್ನೇ ಆರಿಸುವ ಮೊದಲು ಒಂದು ಸೂಕ್ಷ್ಮ ಗಮನಿಸಬೇಕು. ಬೇರೆಯವರಿಂದ ಕೊಂಡು ಮಾರುವವರು ತೆರಿಗೆ ಬೀಳುವ ಮಾರಾಟದ ಮೇಲೆ ಮಾತ್ರ ಶೇ. 1 ಕಟ್ಟುತ್ತಾರೆ. ತಾವೇ ತಯಾರಿಸುವವರು ವಿನಾಯಿತಿ ಸರಕೂ ಸೇರಿ ರಾಜ್ಯದೊಳಗಿನ ಇಡೀ ವಹಿವಾಟಿನ ಮೇಲೆ ಕಟ್ಟಬೇಕು. ನಮ್ಮ ಉದಾಹರಣೆಯ ಕುಟುಂಬ ಕೊಂಡು ಮಾರುವವರಾಗಿದ್ದರೆ 16,000 ರೂ., ತಾವೇ ಮಾಡುವವರಾದ್ದರಿಂದ 42,000 ರೂ. ಸಾಮಾನ್ಯ ಪದ್ಧತಿಯಲ್ಲಾದರೆ 16 ಲಕ್ಷಕ್ಕೆ ಶೇ. 5ರಂತೆ 80,000 ರೂ. ಆಗುತ್ತದೆ. ಆದರೆ ಅದನ್ನು ಗಿರಾಕಿಯಿಂದ ಬಿಲ್ಲಿನಲ್ಲಿ ಪಡೆಯಬಹುದು, ಚಕ್ಕುಲಿಗೆ ಬಳಸಿದ ಎಣ್ಣೆ, ಪ್ಯಾಕಿಂಗಿನ ಮೇಲೆ ತೆತ್ತ ತೆರಿಗೆಯನ್ನು ಕಳೆದುಕೊಳ್ಳಬಹುದು. ಕಂಪೋಸಿಷನ್‌ನಲ್ಲಿ ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ, ಖರೀದಿಯ ತೆರಿಗೆ ಕಳೆಯುವಂತಿಲ್ಲ. ಯಾವುದು ಲಾಭವೆಂಬುದು ಆಯಾ ಮನೆಯ ಲೆಕ್ಕ ನೋಡಿದರೆ ಮಾತ್ರ ತಿಳಿಯುತ್ತದೆ.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿರುವುದನ್ನೂ ನೆನಪಿಡಬೇಕು. ಶೇ. 5 ಇದ್ದ ಖಾಖ್ರಾ, ಚಪಾತಿ, ರೊಟ್ಟಿಗೆ ಈಗ ತೆರಿಗೆ ಇಲ್ಲ. ಪೊಟ್ಟಣ ಕಟ್ಟಿ ಹೆಸರು ಹಾಕಿದ ಕುರುಕು ತಿಂಡಿಗೆ ಶೇ. 12 ಇದ್ದದ್ದು ಶೇ. 5 ಆಗಿದೆ. ಹಳೆಯ ಬಿಲ್ ಪುಸ್ತಕದ ದರವನ್ನೇ ಮುಂದುವರಿಸಿದರೆ ಗಿರಾಕಿಗೂ ನಷ್ಟ, ನಮಗೂ ತೊಡಕು.

ಗಡಿಯಾಚೆಯ ಪಾರ್ಸೆಲ್

ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ನಮ್ಮ ಕುಟುಂಬಗಳಿಗೆ ಕೊಲ್ಹಾಪುರ, ಸಾಂಗಲಿ ನೆರೆಮನೆಯಿದ್ದಂತೆ. ಬಂಧುಗಳ ಪರಿಚಯದಿಂದ ಆರ್ಡರು ಬರುತ್ತದೆ, ಪಾರ್ಸೆಲ್ ಹೋಗುತ್ತದೆ. ಕಾಯ್ದೆಯ ದೃಷ್ಟಿಯಲ್ಲಿ ಇದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ಕರಕುಶಲ ವಸ್ತುಗಳಂತಹ ಕೆಲವನ್ನು ಬಿಟ್ಟು, 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಕಂಪೋಸಿಷನ್‌ನಲ್ಲಿ ಇರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಸೇವೆಗೆ ಈ ಕಟ್ಟು ಸಡಿಲ. ಪುಣೆಯ ಗಿರಾಕಿಗೆ ಮನೆಯಿಂದಲೇ ಲೆಕ್ಕ ಬರೆದುಕೊಡುವವರಿಗೆ 20 ಲಕ್ಷದ ಮಿತಿ ಹಾಗೆಯೇ ಇರುತ್ತದೆ.

ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರುವವರಿಗೆ ಮೊದಲು ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ಮಾರಾಟಗಾರರು ಜಿಎಸ್‌ಟಿ ತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದು, ರಾಜ್ಯದೊಳಗೆ ಮಾತ್ರ ಸರಕು ಮಾರಬಹುದು.

ಮನೆಯ ವಿಳಾಸದಲ್ಲಿ ನೋಂದಣಿ

ಮನೆಯ ವಿಳಾಸಕ್ಕೆ ಜಿಎಸ್‌ಟಿ ಸಿಗುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಇದೆ. ಸಿಗುತ್ತದೆ, ಶುಲ್ಕವೂ ಇಲ್ಲ. ಸ್ವಂತ ಮನೆಯಾದರೆ ಆಸ್ತಿ ತೆರಿಗೆ ರಸೀದಿ, ಖಾತಾ ಪ್ರತಿ, ವಿದ್ಯುತ್ ಬಿಲ್ಲು ಇವುಗಳಲ್ಲಿ ಒಂದು ಸಾಕು. ಮನೆ ತಂದೆಯವರ ಹೆಸರಿನಲ್ಲಿದ್ದರೆ ಬಿಳಿ ಹಾಳೆಯಲ್ಲಿ ಅವರ ಒಪ್ಪಿಗೆ ಪತ್ರ, ಅವರ ಗುರುತಿನ ದಾಖಲೆ, ಮನೆಯ ದಾಖಲೆ ಸೇರಿಸಬೇಕು. ಬಾಡಿಗೆ ಮನೆಯಾದರೆ ಕರಾರು ಪತ್ರ ಮತ್ತು ಮಾಲೀಕರ ದಾಖಲೆ. ಪಟ್ಟಿಯಲ್ಲಿಲ್ಲದ ಕಾಗದ ಕೇಳಿ ಅರ್ಜಿದಾರರನ್ನು ಅಲೆಸಬಾರದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್ 17ರಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ನೋಂದಣಿಯ ನಂತರ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು, ಪ್ರವೇಶದ ಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು. ಅಧಿಕಾರಿ ಸ್ಥಳ ನೋಡಲು ಬರಬಹುದು. ಆದ್ದರಿಂದ ಸರಕು, ತಕ್ಕಡಿ, ಬಿಲ್ ಪುಸ್ತಕ ಒಂದು ಕೋಣೆಯಲ್ಲಿ ಅಥವಾ ಗೊತ್ತಾದ ಒಂದು ಮೂಲೆಯಲ್ಲಿ ಇರುವುದು ಒಳ್ಳೆಯದು. ಹಜಾರ, ಅಟ್ಟ, ಮಂಚದ ಕೆಳಗೆ ಎಂದು ಹಂಚಿಹೋದ ಸರಕಿಗೆ ದಾಸ್ತಾನು ಲೆಕ್ಕ ಬರೆಯುವುದೂ ಕಷ್ಟ.

ಬಾಡಿಗೆ ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯ. ವಾಸದ ಮನೆಯನ್ನು ಜಿಎಸ್‌ಟಿ ನೋಂದಾಯಿತರು ಬಾಡಿಗೆಗೆ ಪಡೆದರೆ, ಬಾಡಿಗೆಯ ಮೇಲೆ ಶೇ. 18 ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕೆಂಬ ನಿಯಮ 2022ರ ಜುಲೈ 18ರಿಂದ ಇದೆ. ಒಡೆತನದ ಸಣ್ಣ ವ್ಯಾಪಾರಿ ತನ್ನ ಸ್ವಂತ ವಾಸಕ್ಕಾಗಿ, ವೈಯಕ್ತಿಕ ನೆಲೆಯಲ್ಲಿ ಪಡೆದ ಮನೆಗೆ ಇದರಿಂದ ವಿನಾಯಿತಿ ಉಂಟು. ಆದರೆ ಅದೇ ಮನೆಯ ಬಾಡಿಗೆಯನ್ನು ವ್ಯಾಪಾರದ ಖರ್ಚೆಂದು ಪುಸ್ತಕದಲ್ಲಿ ಬರೆದರೆ ವಿನಾಯಿತಿಯ ಆಧಾರವೇ ಅಲುಗಾಡುತ್ತದೆ. ಬಾಡಿಗೆ ಕರಾರು ಬರೆಯಿಸುವ ಮೊದಲೇ ತೆರಿಗೆ ಸಲಹೆಗಾರರನ್ನು ಕೇಳುವುದು ಕ್ಷೇಮ.

ಮನೆಯ ಖರ್ಚಿನಲ್ಲಿ ವ್ಯಾಪಾರದ ಪಾಲೆಷ್ಟು?

ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿ ಇದೆ. 1961ರ ಕಾಯ್ದೆಯಲ್ಲಿ ಇದು 44ಎಡಿ ಕಲಂ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 58ನೇ ಕಲಂನಲ್ಲಿ ಸೇರಿದೆ. ನಗದಿನಲ್ಲಿ ಬಂದ ವಹಿವಾಟಿನ ಕನಿಷ್ಠ ಶೇ. 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಕನಿಷ್ಠ ಶೇ. 6 ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಮೇಲಿನ ಕುಟುಂಬದ 42 ಲಕ್ಷದಲ್ಲಿ 4 ಲಕ್ಷ ನಗದು, 38 ಲಕ್ಷ ಯುಪಿಐ ಎಂದಿಟ್ಟುಕೊಂಡರೆ ಕನಿಷ್ಠ ಲಾಭ 2.60 ಲಕ್ಷ ರೂ. ಬೇರೆ ಆದಾಯವಿಲ್ಲದಿದ್ದರೆ ಆದಾಯ ತೆರಿಗೆ ಶೂನ್ಯ. ಅದೇ ಕುಟುಂಬಕ್ಕೆ ಜಿಎಸ್‌ಟಿ ಹೊಣೆ ಇರುವುದನ್ನು ಈಗಾಗಲೇ ನೋಡಿದೆವು. ಕಮಿಷನ್, ದಲ್ಲಾಳಿ ಆದಾಯದವರಿಗೆ ಈ ಪದ್ಧತಿ ಇಲ್ಲ. ವಿಮಾ ಏಜೆಂಟರು ಇದನ್ನು ಗಮನಿಸಬೇಕು.

ಈ ಪದ್ಧತಿಯಲ್ಲಿ ಇರುವವರಿಗೆ ಬಾಡಿಗೆ, ವಿದ್ಯುತ್, ಕಂಪ್ಯೂಟರ್ ಸವಕಳಿ ಎಂದು ಬೇರೆ ಖರ್ಚು ಕಳೆಯುವ ಅವಕಾಶವಿಲ್ಲ. ಎಲ್ಲವೂ ಆ ಅಂದಾಜಿನಲ್ಲೇ ಸೇರಿದೆ. ಪೂರ್ಣ ಪುಸ್ತಕ ಬರೆದು ನಿಜವಾದ ಲಾಭ ತೋರಿಸುವವರಿಗೆ ಮಾತ್ರ ಮನೆಯ ಖರ್ಚಿನ ಪಾಲು ಮುಖ್ಯವಾಗುತ್ತದೆ. ಮನೆಯ ವಿಸ್ತೀರ್ಣದಲ್ಲಿ ಐದನೇ ಒಂದು ಭಾಗ ವ್ಯಾಪಾರಕ್ಕೆ ಬಳಸಿದರೆ ಬಾಡಿಗೆಯ ಐದನೇ ಒಂದು ಭಾಗ ಕೇಳುವುದು ನ್ಯಾಯ. ಇಡೀ ಬಾಡಿಗೆ ಕೇಳುವುದು ನ್ಯಾಯವಲ್ಲ. ಸ್ವಂತ ಮನೆಗೆ ತನಗೆ ತಾನೇ ಬಾಡಿಗೆ ಕೊಟ್ಟಂತೆ ಬರೆಯಲು ಬರುವುದಿಲ್ಲ. ವ್ಯಾಪಾರದ ಭಾಗದ ದುರಸ್ತಿ, ಆಸ್ತಿ ತೆರಿಗೆ, ವಿಮೆಯ ಪಾಲು ಕೇಳಬಹುದು. ತಂದೆಯವರಿಗೆ ಬಾಡಿಗೆ ಕೊಡುವುದಾದರೆ ಹಣ ನಿಜವಾಗಿ ಅವರ ಖಾತೆಗೆ ಹೋಗಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು, ಮೊತ್ತ ಆ ಬೀದಿಯ ಬಾಡಿಗೆಗೆ ಹೊಂದುವಂತಿರಬೇಕು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ನಗದಿಗೆ ಮರಳುವುದು ದಾರಿಯಲ್ಲ

ಕ್ಯೂಆರ್ ಕೋಡ್ ಕಿತ್ತುಹಾಕಿದರೆ ತೊಂದರೆ ತಪ್ಪಿತು ಎಂದು ಜುಲೈನಲ್ಲಿ ಅನೇಕರಿಗೆ ಅನ್ನಿಸಿತು. ಕಾಯ್ದೆ ಕೇಳುವುದು ಒಟ್ಟು ಮಾರಾಟವನ್ನು. ಅದು ನೋಟಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ಮಾರಾಟವೇ. ನಗದಿನಿಂದ ಆಗುವ ನಷ್ಟವೂ ಇದೆ. 30 ಲಕ್ಷ ರೂ. ವಹಿವಾಟು ಪೂರ್ತಿ ನಗದಾದರೆ ಕನಿಷ್ಠ 2.40 ಲಕ್ಷ ರೂ. ಲಾಭ ತೋರಿಸಬೇಕು, ಪೂರ್ತಿ ಯುಪಿಐ ಆದರೆ 1.80 ಲಕ್ಷ ಸಾಕು. ಮುಂದೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದೂ ಖಾತೆಯ ವಹಿವಾಟನ್ನೇ. ರಾಜ್ಯದ ನಿಯಮ ಮೀರಿ ವ್ಯಾಪಾರ ಮಾಡುವುದನ್ನು ಅಚೌರ್ಯ ವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂದು ಹಿರಿಯರು ಎಣಿಸಿರುವುದು ನಮ್ಮ ಓದುಗರಿಗೆ ಹೊಸದಲ್ಲ.

ಈ ತಿಂಗಳಲ್ಲೇ ಮಾಡಬಹುದಾದ ಕೆಲಸ

1. ವ್ಯಾಪಾರಕ್ಕೆಂದೇ ಒಂದು ಖಾತೆ ತೆರೆಯಿರಿ. ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. ಮನೆ ಖರ್ಚಿಗೆ ತಿಂಗಳಿಗೊಮ್ಮೆ ಗೊತ್ತಾದ ಮೊತ್ತವನ್ನು ಮನೆ ಖಾತೆಗೆ ವರ್ಗಾಯಿಸಿ.

2. ಪ್ರತಿ ರಾತ್ರಿ ಐದು ಸಾಲು ಬರೆಯಿರಿ: ತೆರಿಗೆ ಇರುವ ಮಾರಾಟ, ತೆರಿಗೆ ಇಲ್ಲದ ಮಾರಾಟ, ಖರೀದಿ, ಖರ್ಚು, ಕೈಯಲ್ಲಿರುವ ನಗದು.

3. ಏಪ್ರಿಲ್ 1ರಿಂದ ಒಟ್ಟು ಮಾರಾಟ ಎಷ್ಟಾಯಿತೆಂದು ಪ್ರತಿ ತಿಂಗಳ ಕೊನೆಗೆ ಕೂಡಿಸಿ. ದೀಪಾವಳಿಗೆ ಹೊಸ ಪುಸ್ತಕ ಪೂಜಿಸುವ ಪದ್ಧತಿ ಇರುವ ಮನೆಗಳು ಅದನ್ನು ಬಿಡಬೇಕಿಲ್ಲ, ಆದರೆ ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್ ಎಂಬುದು ನೆನಪಿರಲಿ. ಸರಕಿನವರು 35 ಲಕ್ಷ, ಸೇವೆಯವರು 17 ಲಕ್ಷ ಮುಟ್ಟಿದಾಗಲೇ ಸಲಹೆಗಾರರನ್ನು ಕಾಣಿ.

4. ಕೊಂಡ ಬಿಲ್ಲು, ಬ್ಯಾಂಕ್ ಪಟ್ಟಿ, ರಿಟರ್ನ್ ಪ್ರತಿ ವರ್ಷವಾರು ಕಡತದಲ್ಲಿಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು.

5. ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರಿ ತಾಣದಲ್ಲಿ ಅದು ಉಚಿತ. ಹಣ ಕೇಳುವ ತಾಣ ಸರ್ಕಾರದ್ದಲ್ಲ. ತಯಾರಿಕೆ ಅಥವಾ ಸೇವೆಯಲ್ಲಿರುವ ಸಣ್ಣ ಉದ್ಯಮಕ್ಕೆ ದೊಡ್ಡ ಗಿರಾಕಿ 45 ದಿನ ಮೀರದಂತೆ ಹಣ ಕೊಡಬೇಕೆಂಬ ರಕ್ಷಣೆ ಇದರಿಂದ ಸಿಗುತ್ತದೆ.

6. ತಿಂಡಿ ಮಾಡುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು ಪೊಟ್ಟಣದ ಮೇಲೆ ಸಂಖ್ಯೆ ಹಾಕಿ. ಪರವಾನಗಿ ಬೇಕೇ ಎಂದು ನಗರಸಭೆ ಅಥವಾ ಪಂಚಾಯಿತಿಯಲ್ಲಿ, ಅಪಾರ್ಟ್‌ಮೆಂಟಿನವರು ತಮ್ಮ ಸಂಘದಲ್ಲಿ ಮೊದಲೇ ವಿಚಾರಿಸಿ.

7. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ಪಡೆಯಬೇಡಿ.

ಸರ್ಕಾರದ ಪಾಲಿನ ಕೆಲಸ

ತಪ್ಪೆಲ್ಲ ವ್ಯಾಪಾರಿಗಳದೇ ಎನ್ನಲಾಗದು. ಇಲಾಖೆಯ ಬಳಿ ಪಾವತಿಯ ವಿವರ ಇರುವುದಾದರೆ, ವಹಿವಾಟು ಮಿತಿಯ ಹತ್ತಿರ ಬಂದ ವರ್ಷವೇ ಒಂದು ಎಚ್ಚರಿಕೆ ಸಂದೇಶ ಕಳುಹಿಸಬಹುದಿತ್ತು. ನಾಲ್ಕು ವರ್ಷ ಸುಮ್ಮನಿದ್ದು ನಾಲ್ಕೂ ವರ್ಷದ ತೆರಿಗೆಯನ್ನು ಒಮ್ಮೆಗೆ ಕೇಳಿದಾಗ, ಗಿರಾಕಿಯಿಂದ ಆ ತೆರಿಗೆಯನ್ನು ಪಡೆದೇ ಇರದ ಸಣ್ಣವರು ಕೈಯಿಂದ ತೆರಬೇಕಾಗುತ್ತದೆ. ಖಾತೆಗೆ ಬಂದದ್ದೆಲ್ಲ ತೆರಿಗೆಯ ಮಾರಾಟವೆಂದು ಹಿಡಿದು, ಸರಕು ಯಾವುದೆಂದು ಆಮೇಲೆ ಕೇಳುವ ಕ್ರಮವೂ ತಿದ್ದಿಕೊಳ್ಳಬೇಕಾದದ್ದೇ.

2025ರ ನವೆಂಬರ್ 1ರಿಂದ ತಿಂಗಳ ತೆರಿಗೆ 2.5 ಲಕ್ಷ ರೂ. ಮೀರದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆ ಬಂದಿದೆ. ಒಳ್ಳೆಯ ಹೆಜ್ಜೆ. ಆದರೆ ನೋಂದಣಿ ಒಂದು ದಿನದ ಕೆಲಸ, ರಿಟರ್ನ್ ಪ್ರತಿ ಅವಧಿಯ ಕೆಲಸ. ಸಲಹೆಗಾರರಿಗೆ ಶುಲ್ಕ ಕೊಡಲು ಹಿಂಜರಿಯುವ ಮನೆಗಳೇ ಮನೆ ವ್ಯಾಪಾರದಲ್ಲಿ ಹೆಚ್ಚು. ನಮ್ಮ ಸಮಾಜದಲ್ಲಿ ಲೆಕ್ಕಪರಿಶೋಧಕರಿಗೂ ತೆರಿಗೆ ಸಲಹೆಗಾರರಿಗೂ ಕೊರತೆಯಿಲ್ಲ. ಊರಿನ ಸಂಘ, ಮಹಿಳಾ ಮಂಡಳಗಳು ಅವರನ್ನು ಕರೆದು ಮಾರ್ಚ್ ಮುಗಿಯುವ ಮೊದಲು ಒಂದು ಭಾನುವಾರ ಲೆಕ್ಕಪತ್ರದ ಶಿಬಿರ ನಡೆಸಿದರೆ, ಹಪ್ಪಳ ಮಾಡುವ ತಾಯಂದಿರಿಗೂ ಸೀರೆ ಮಾರುವ ಸಹೋದರಿಯರಿಗೂ ಮುಂದಿನ ಏಪ್ರಿಲ್‌ಗೆ ಬೇರೆ ಖಾತೆ, ಬೇರೆ ಪುಸ್ತಕ ಸಿದ್ಧವಾಗಿರುತ್ತದೆ.